ಪೈ, ಹಳೆಯ ಡೆಸ್ಕ್‌ಟಾಪ್, ಕ್ರೋಮ್‌ಬುಕ್: ಮನೆಗೆ ಯಾವುದು, ಶಾಲೆಗೆ ಯಾವುದು?

ಕಡಿಮೆ ಖರ್ಚಿನ ಕಂಪ್ಯೂಟರ್ ಅಂದ ಕೂಡಲೇ ರಾಸ್ಪ್‌ಬೆರಿ ಪೈ ಹೆಸರು ಬರುತ್ತದೆ. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತಲೇ 2012ರಲ್ಲಿ ಬಂದ ಬೋರ್ಡ್ ಅದು. ಕೀಬೋರ್ಡ್ ಒಳಗೇ ಕಂಪ್ಯೂಟರ್ ಇರುವ ಪೈ 400, ಆಫೀಸಿನಿಂದ ಹೊರಬಿದ್ದ ಇಂಟೆಲ್‌ನ ನಾಲ್ಕನೇ ಜನರೇಷನ್ ಐ5 ಪ್ರೊಸೆಸರ್ ಇರುವ ಡೆಸ್ಕ್‌ಟಾಪ್, ಒಂದು ಸಣ್ಣ ಕ್ರೋಮ್‌ಬುಕ್ (ಗೂಗಲ್‌ನ ಕ್ರೋಮ್‌ಓಎಸ್ ಓಡಿಸುವ ಲ್ಯಾಪ್‌ಟಾಪ್), ಈ ಮೂರನ್ನೂ ಮಕ್ಕಳ ಓದಿಗೆ ಬಳಸಿ ನೋಡಿದ್ದೇನೆ. ಮನೆಗೆ ಒಂದೇ ಕಂಪ್ಯೂಟರ್ ಅಂದರೆ ನನ್ನ ಓಟು ಹಳೆಯ ಡೆಸ್ಕ್‌ಟಾಪ್‌ಗೆ. ಶಾಲೆಯ ಲ್ಯಾಬ್ ಆದರೆ ಲೆಕ್ಕ ಬೇರೆ.

ಪೈ 400ರಲ್ಲಿ ಫ್ಯಾನ್ ಇಲ್ಲ, ಸದ್ದೂ ಇಲ್ಲ. ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರ್ಯಾಚ್ ಮತ್ತು ಪೈಥಾನ್, ಬರವಣಿಗೆ-ಲೆಕ್ಕಕ್ಕೆ ಲಿಬ್ರೆಆಫೀಸ್ ಎಲ್ಲಾ ಚೆನ್ನಾಗಿ ಓಡುತ್ತವೆ. ಹಿಂಬದಿಯಲ್ಲಿ 40 ಪಿನ್‌ಗಳ ಸಾಲು ಇದೆ. ಒಂದು ಎಲ್‌ಇಡಿ, ಒಂದು ರೆಸಿಸ್ಟರ್, ಎರಡು ವೈರ್ ಸಿಕ್ಕಿಸಿ ಪೈಥಾನ್‌ನಲ್ಲಿ ನಾಲ್ಕೈದು ಸಾಲು ಬರೆದರೆ ದೀಪ ಮಿಣುಕುತ್ತದೆ. ತಾನು ಬರೆದ ಸಾಲು ತೆರೆಯಿಂದ ಹೊರಗೆ ಬಂದು ಕೆಲಸ ಮಾಡುವುದನ್ನು ನೋಡಿದ ಮಗು ಮತ್ತೆ ಸುಮ್ನೆ ಕೂರುವುದಿಲ್ಲ. ಉಳಿದ ಎರಡರಲ್ಲೂ ಇಂಥ ಪಿನ್‌ಗಳಿಲ್ಲ.

ಆದರೆ ಖರ್ಚು ಪೈ ಕೊಂಡಲ್ಲಿಗೆ ಮುಗಿಯುವುದಿಲ್ಲ. ಮಾನಿಟರ್, ಅಡಾಪ್ಟರ್, ಮೈಕ್ರೋ ಎಚ್‌ಡಿಎಂಐ ಕೇಬಲ್, ಮೆಮೊರಿ ಕಾರ್ಡ್ ಎಲ್ಲವೂ ಬೇಕು. ಪೈ 400ರಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲ. ಮಾನಿಟರ್‌ನಲ್ಲಿ ಸ್ಪೀಕರ್ ಇಲ್ಲದಿದ್ದರೆ ಪಾಠದ ವಿಡಿಯೊ ಕಾಣುತ್ತದೆ, ಕೇಳುವುದಿಲ್ಲ. ಯುಎಸ್‌ಬಿ ಅಥವಾ ಬ್ಲೂಟೂತ್ ಹೆಡ್‌ಸೆಟ್ ತರಬೇಕು. ಇರುವುದು 4 ಜಿಬಿ ರ‍್ಯಾಮ್. ಒಂದು ಕಡೆ ವಿಡಿಯೊ ಕರೆ, ಇನ್ನೊಂದು ಕಡೆ ಹತ್ತಾರು ಟ್ಯಾಬ್ ಅಂದರೆ ತಡವರಿಸುತ್ತದೆ. ಇನ್ನೊಂದು ಚಿಂತೆ ಕರೆಂಟ್. ಕಾರ್ಡ್ ಮೇಲೆ ಏನೋ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್‌ನಲ್ಲಿರುವುದು ಕೆಡಬಹುದು, ಪೈ ಮತ್ತೆ ಏಳದೇ ಇರಬಹುದು. ಕಾರ್ಡ್ ಬದಲು ಯುಎಸ್‌ಬಿ ಎಸ್‌ಎಸ್‌ಡಿಯಿಂದ (ತಿರುಗುವ ಭಾಗವಿಲ್ಲದ ಡಿಸ್ಕ್) ಓಡಿಸಿದರೆ ವೇಗವೂ ಜಾಸ್ತಿ, ಕಾರ್ಡ್ ಸವೆಯುವ ತಲೆನೋವೂ ಇಲ್ಲ.

ಇನ್ನು ಡೆಸ್ಕ್‌ಟಾಪ್. ಇವು ಈಗ ರಾಶಿ ಬೀಳುತ್ತಿರುವುದಕ್ಕೆ ಕಾರಣ ಇದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಇಂಟೆಲ್‌ನ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್. ಹಾಗಾಗಿ ಗಟ್ಟಿಮುಟ್ಟಾದ ಯಂತ್ರಗಳೂ ಮೂಲೆಗೆ ಹೋಗುತ್ತಿವೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 8 ಜಿಬಿ ಮಾಡಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ. ಮಕ್ಕಳ ದಿನದ ಕೆಲಸದಲ್ಲಿ ಇದು ಪೈ 400ನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಹೆಡ್‌ಫೋನ್ ಜ್ಯಾಕ್ ಕೂಡ ಮುಂದೆಯೇ ಇದೆ.

ನನಗೆ ಇದು ಹಿಡಿಸಿದ್ದು ಬಿಚ್ಚಿ ನೋಡಬಹುದು ಅನ್ನುವುದಕ್ಕೆ. ಒಂದು ಉದಾಹರಣೆ. ಪ್ಲಗ್ ತೆಗೆದಿಟ್ಟ ಹಳೆಯ ಪಿಸಿ ಎಷ್ಟೋ ಸಲ ದಿನಾಂಕ ಮರೆತಿರುತ್ತದೆ. ಆಗ ಬ್ರೌಸರ್ ತೆರೆದರೆ ಒಂದಾದ ಮೇಲೊಂದು ಸೈಟ್ ಸುರಕ್ಷಿತವಲ್ಲ ಅನ್ನುತ್ತದೆ. ನೋಡಿದವರು ವೈರಸ್ ಬಂದಿದೆ ಅಂದುಕೊಳ್ಳುತ್ತಾರೆ. ಹೆಚ್ಚಾಗಿ ಕಾರಣ ಮದರ್‌ಬೋರ್ಡ್ ಮೇಲೆ ಗಡಿಯಾರ ನಡೆಸುವ ಸಿಆರ್2032 ಬಟನ್ ಸೆಲ್ ಸತ್ತಿರುವುದು, ಅಷ್ಟೇ. ಪ್ಲಗ್ ತೆಗೆದು, ಕ್ಲಿಪ್ ಒತ್ತಿ ಹಳೆಯದನ್ನು ಎಬ್ಬಿಸಿ, ಹೊಸದು ಕೂರಿಸಿ, ದಿನಾಂಕ ಸರಿಮಾಡಿದರೆ ಆಯಿತು. ದೊಡ್ಡವರು ಪಕ್ಕದಲ್ಲಿದ್ದರೆ ಶಾಲೆಯ ಹುಡುಗಿಯೂ ಮಾಡುತ್ತಾಳೆ. ಪೈ 400ರಲ್ಲಿ ಅಂಥ ಸೆಲ್ಲೇ ಇಲ್ಲ, ಸಮಯವನ್ನು ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ. ನೆಟ್ ಇಲ್ಲದ ಲ್ಯಾಬ್‌ನಲ್ಲಿ ಅದರ ದಿನಾಂಕ ನಂಬುವ ಹಾಗಿಲ್ಲ.

ಡೆಸ್ಕ್‌ಟಾಪ್‌ಗೆ ಎರಡು ದೋಷ. ಸುಮ್ಮನೆ ಕೂತಿದ್ದರೂ ಹತ್ತಾರು ವಾಟ್ ಎಳೆಯುತ್ತದೆ, ಪೈಗೆ ಕೆಲವೇ ವಾಟ್ ಸಾಕು. ಇನ್ನೊಂದು, ಸಣ್ಣ ಡಬ್ಬದ ಆಫೀಸ್ ಮಾದರಿಗಳ ಪವರ್ ಸಪ್ಲೈ ಎಷ್ಟೋ ಸಲ ಅದೇ ಮಾದರಿಗೆ ಮಾತ್ರ ಹೊಂದುತ್ತದೆ. ಹೋದರೆ ಹುಡುಕಾಟ.

ಕ್ರೋಮ್‌ಬುಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆರೆದರೆ ಸಾಕು, ಕೆಲಸ ಶುರು. ಬ್ಯಾಟರಿ ಇದೆ, ಅಪ್ಪ ಅಮ್ಮ ಏನೂ ಮಾಡಬೇಕಿಲ್ಲ. ಆದರೆ ಅಪ್‌ಡೇಟ್‌ಗೆ ಕೊನೆಯ ದಿನಾಂಕ ಇರುತ್ತದೆ. 2021ರಿಂದ ಬಂದ ಮಾದರಿಗಳಿಗೆ 10 ವರ್ಷ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ನೋಡಲೇಬೇಕು. ಅಗ್ಗದ ಮಾದರಿಗಳಲ್ಲಿ ರ‍್ಯಾಮ್ ಸಾಮಾನ್ಯವಾಗಿ ಬೆಸುಗೆ ಹಾಕಿರುತ್ತಾರೆ, ಹೆಚ್ಚಿಸುವಂತಿಲ್ಲ. ನೆಟ್ ಇಲ್ಲದಿದ್ದರೆ ಅರ್ಧ ಕೆಲಸ ನಿಂತಂತೆಯೇ.

ಶಾಲೆಯಲ್ಲಿ ಪೈ ಗೆಲ್ಲುತ್ತದೆ. ಒಂದು ಕಾರ್ಡ್ ಸರಿಯಾಗಿ ಸಿದ್ಧಮಾಡಿ ಉಳಿದವಕ್ಕೆಲ್ಲ ನಕಲು ಮಾಡಬಹುದು. ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿದರೆ ಕಾರ್ಡ್ ಮೇಲೆ ಏನೂ ಬರೆಯುವುದಿಲ್ಲ. ಮಗು ಏನೇ ಕೆದಕಿದರೂ ಮತ್ತೆ ಆನ್ ಮಾಡಿದಾಗ ಎಲ್ಲಾ ಮೊದಲಿನಂತೆ, ಕರೆಂಟ್ ಹೋದರೂ ಭಯ ಕಡಿಮೆ. ಮಕ್ಕಳು ಮಾಡಿದ ಕೆಲಸವನ್ನು ಪೆನ್‌ಡ್ರೈವ್‌ನಲ್ಲಿ ಉಳಿಸಿಕೊಳ್ಳಬೇಕು. ಒಂದು ಯಂತ್ರದಲ್ಲಿ ನೆಟ್ ಇಲ್ಲದೆ ಓದಿಸುವ ಕಿವಿಕ್ಸ್ ಸಾಫ್ಟ್‌ವೇರ್ ಹಾಕಿ ವಿಕಿಪೀಡಿಯ ಇಳಿಸಿಟ್ಟರೆ ಇಂಟರ್ನೆಟ್ ಇಲ್ಲದೆಯೂ ಇಡೀ ಲ್ಯಾಬ್ ಅದನ್ನು ಓದಬಹುದು.

ಶಾಲೆ ಬಳಸುವ ಪರೀಕ್ಷಾ ಸಾಫ್ಟ್‌ವೇರ್ ವಿಂಡೋಸ್‌ಗಾಗಿ ಮಾಡಿದ್ದಾದರೆ ಮಾತ್ರ ಪೈ ತರಬೇಡಿ, ಅದು ನೇರವಾಗಿ ಓಡುವುದಿಲ್ಲ. ಆಗ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳನ್ನೇ ತನ್ನಿ. ಎಲ್ಲಾ ಒಂದೇ ಮಾದರಿ ಇರಲಿ, ಬಿಡಿಭಾಗಕ್ಕೆ ಅಂತ ಒಂದೆರಡು ಜಾಸ್ತಿಯೇ ತೆಗೆದುಕೊಳ್ಳಿ.