ಓರ್ತಾ ಸರೋವರದ ದೋಣಿ ಸುತ್ತಾಟ: ಅವಸರ ಇಲ್ಲದವರಿಗೆ ಮಾತ್ರ

ಇಟಲಿಯ ಸರೋವರ ಅಂದ ಕೂಡಲೇ ನಮ್ಮ ಕಡೆಯವರ ಬಾಯಲ್ಲಿ ಬರೋದು ಕೋಮೊ ಒಂದೇ. 2018ರಲ್ಲಿ ದೀಪಿಕಾ ಪಡುಕೋಣೆ ಮದುವೆ ಅಲ್ಲಿ ನಡೆದ ಮೇಲಂತೂ ಕೇಳೋದೇ ಬೇಡ. ಮಗಳು ಇಟಲಿಯ ನೊವಾರಾದಲ್ಲಿ ಕೆಲಸಕ್ಕಿದ್ದಾಳೆ. ಅವಳೂ ಮೊದಲು ಕೋಮೊಗೇ ಟಿಕೆಟ್ ನೋಡಿದ್ದು. ನಮ್ಮನೆಯವರು ಫೋಟೋ ನೋಡಿ, "ಇಷ್ಟು ಜನರ ಮಧ್ಯೆ ನಿಲ್ಲೋದಾದ್ರೆ ಮೂಡಿಗೆರೆ ಸಂತೇಲೇ ನಿಲ್ತಿದ್ದೆ" ಅಂದುಬಿಟ್ಟರು. ಹಾಗಾಗಿ ಓರ್ತಾ ಆಯ್ತು. ಅಲ್ಲಿ ನಾವು ಹತ್ತಿದ್ದು ಎಂಟು ಜನರ ಒಂದು ಸಣ್ಣ ಮೋಟಾರು ದೋಣಿ. ಎರಡು ಗಂಟೆ ಸುತ್ತಾಟ, ತಲೆಗೆ 40 ಯೂರೋ, ಅದರಲ್ಲೇ ಒಂದು ಲೋಟ ಪ್ರೊಸೆಕ್ಕೊ (ಇಟಲಿಯ ನೊರೆ ವೈನ್) ಮತ್ತು ಒಂದು ತಟ್ಟೆ ತಿಂಡಿ. ದುಡ್ಡಿಗೆ ಮೋಸ ಇಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಆದರೆ ಎಲ್ಲರಿಗೂ ಅಲ್ಲ.

ಓರ್ತಾ ಪಿಯೆಮೊಂತೆ ಪ್ರಾಂತ್ಯದಲ್ಲಿದೆ. ದೊಡ್ಡ ಮಜ್ಜೋರೆ ಸರೋವರಕ್ಕೂ ಇದಕ್ಕೂ ನಡುವೆ ಮೊತ್ತರೋನೆ ಅನ್ನೋ ಬೆಟ್ಟ ಅಡ್ಡ ಇರೋದರಿಂದಲೋ ಏನೋ, ಮಜ್ಜೋರೆಗೆ ಬಂದ ಜನ ಇತ್ತ ತಿರುಗೋದು ಕಡಿಮೆ. ಉದ್ದ ಸುಮಾರು 13 ಕಿ.ಮೀ., ವಿಸ್ತೀರ್ಣ 18 ಚದರ ಕಿ.ಮೀ. ಆಸುಪಾಸು, ಆಳ ಮಾತ್ರ 143 ಮೀಟರು. ನೊವಾರಾದಿಂದ ದೊಮೊದೊಸ್ಸೋಲಾ ಕಡೆಗೆ ಹೋಗೋ ರೈಲಿನಲ್ಲಿ ಓರ್ತಾ-ಮಿಯಾಸಿನೊ ಅಂತ ಸ್ಟೇಷನ್ ಇದೆ, ಆದರೆ ಅದು ಊರಿಂದ ಮೇಲೆ, ಗುಡ್ಡದಲ್ಲಿ. ಮಂಡಿ ನೋವಿರೋರು ಕಾರಲ್ಲಿ ಹೋಗೋದೇ ವಾಸಿ. ಹಳೇ ಊರಿನೊಳಗೆ ಕಾರು ಬಿಡಲ್ಲ. ಮೇಲೆ ನಿಲ್ಲಿಸಿ ಕಲ್ಲು ಹಾಸಿದ ಓಣಿಯಲ್ಲಿ ಇಳಿದು ಬರಬೇಕು. ನೊವಾರಾ ಬಿಟ್ಟ ಮೇಲೆ ಸ್ವಲ್ಪ ದೂರ ದಾರಿಯ ಎರಡೂ ಕಡೆ ಭತ್ತದ ಗದ್ದೆ. ನಾನು ಇಟಲಿಯಲ್ಲಿ ಭತ್ತ ನಿರೀಕ್ಷೆ ಮಾಡಿರಲಿಲ್ಲ. ನಮ್ಮನೆಯವರು ಮಾತ್ರ ಕಿಟಕಿಯಿಂದ ಕಣ್ಣು ಕೀಳದೆ, ನೀರು ಎಲ್ಲಿಂದ ತರ್ತಾರೆ, ನಾಟಿ ಯಾರು ಮಾಡ್ತಾರೆ ಅಂತ ಮಗಳ ತಲೆ ತಿಂದರು.

ದೋಣಿ ಹೊರಡೋದು ಪಿಯಾಜ್ಜಾ ಮೊತ್ತಾ ಅನ್ನೋ ಚೌಕದಿಂದ. ಮೂರು ಕಡೆ ಹಳೇ ಮನೆ, ನಾಲ್ಕನೇ ಕಡೆ ಸೀದಾ ನೀರು. ಚೌಕದಲ್ಲಿ 1582ರಲ್ಲಿ ಕಟ್ಟಿದ ಊರ ಸಭೆಯ ಕಟ್ಟಡ ಇದೆ, ಕಂಬಗಳ ಮೇಲೆ ಒಂದೇ ಕೋಣೆ. ಕೆಳಗೆ ನೆರಳಿದೆ, ಬೇಗ ಬಂದವರು ಅಲ್ಲಿ ಕಾಯಬಹುದು. ದಡದಲ್ಲಿ ನಿಂತ ಟ್ಯಾಕ್ಸಿ ದೋಣಿಗಳು ದ್ವೀಪಕ್ಕೆ ಹೋಗಿ ಬರುತ್ತಲೇ ಇರುತ್ತವೆ, ಕೆಲವೇ ನಿಮಿಷದ ದಾರಿ. ನಿಮಗೆ ದ್ವೀಪ ಒಂದು ಸಾಕು ಅಂದರೆ ಅದರಲ್ಲೇ ಹೋಗಿ, ಸುತ್ತಾಟದ ದುಡ್ಡು ದಂಡ.

ನಮ್ಮ ದೋಣಿಗೆ ಮೇಲೆ ಬಟ್ಟೆಯ ಚಪ್ಪರ, ಎರಡೂ ಬದಿಗೆ ಉದ್ದ ಬೆಂಚು, ಬೆಂಚಿನ ಕೆಳಗೆ ಲೈಫ್ ಜಾಕೆಟ್ಟು. ನಡೆಸೋನು ಐವತ್ತು ದಾಟಿದ ಮನುಷ್ಯ, ಬಿಸಿಲಿಗೆ ಸುಟ್ಟು ಕಂದಿದ ಕತ್ತು. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಜೊತೆಗಿದ್ದ ಡಚ್ ದಂಪತಿಗೆ ಒಂದೆರಡು ವಾಕ್ಯ ಹೇಳಿ ಕೈ ಬೀಸಿ ಮುಗಿಸುತ್ತಿದ್ದ. ನಮಗೆ ಮಗಳು ಇದ್ದುದರಿಂದ ಇಟಾಲಿಯನ್‌ನಲ್ಲಿ ಹೊಟ್ಟೆ ತುಂಬ ಮಾತಾಡಿದ. ಭಾಷೆ ಗೊತ್ತಿರೋರು ಯಾರೂ ಜೊತೆಗಿಲ್ಲ ಅಂದರೆ ಈ ಸುತ್ತಾಟದ ಅರ್ಧ ರುಚಿ ಹೋಗುತ್ತೆ, ಇದು ಬುಕ್ ಮಾಡೋವಾಗ ಯಾರೂ ಹೇಳೋದಿಲ್ಲ. ಹತ್ತೋ ಮೆಟ್ಟಿಲು ಎತ್ತರ. ಆದರೆ ನಮ್ಮನೆಯವರು ಕಾಲೆತ್ತೋಕೆ ಒದ್ದಾಡೋದು ನೋಡಿ, ಕೇಳದೇನೇ ಒಂದು ಮರದ ಮಣೆ ತಂದಿಟ್ಟು ಮೊಣಕೈ ಹಿಡಿದು ಹತ್ತಿಸಿದ. ಇದಕ್ಕೆ ನನ್ನ ಲೆಕ್ಕದಲ್ಲಿ ಹತ್ತಕ್ಕೆ ಹತ್ತು.

ಮೊದಲು ದ್ವೀಪ. ಸಾನ್ ಜೂಲಿಯೊ ಅಂತ ಹೆಸರು, ಉದ್ದ ಮುನ್ನೂರು ಮೀಟರೂ ಇಲ್ಲ. ನಾಲ್ಕನೇ ಶತಮಾನದಲ್ಲಿ ಜೂಲಿಯೊ ಅನ್ನೋ ಸಂತ ಇಲ್ಲಿಗೆ ಬಂದಾಗ ದ್ವೀಪದ ತುಂಬ ಹಾವು, ಘಟಸರ್ಪ ಇದ್ದುವಂತೆ. ಅಂಬಿಗರು ಯಾರೂ ಕರೆದೊಯ್ಯೋಕೆ ಒಪ್ಪದಿದ್ದಾಗ ಹೊದ್ದಿದ್ದ ನಿಲುವಂಗಿಯನ್ನೇ ನೀರ ಮೇಲೆ ಹಾಸಿ, ಕೋಲನ್ನ ಹುಟ್ಟು ಮಾಡಿಕೊಂಡು ದಾಟಿದನಂತೆ. ಇದನ್ನ ಹೇಳೋವಾಗ ನಮ್ಮ ದೋಣಿಯವನು, "ಅವತ್ತು ಒಪ್ಪದವರು ನಮ್ಮ ಪೈಕಿಯವರೇ, ಇವತ್ತು ಅದೇ ದಾರಿಯಲ್ಲಿ ಸಂಪಾದನೆ ಮಾಡ್ತಿದ್ದೀವಿ" ಅಂತ ನಕ್ಕ. ಘಟಸರ್ಪದ್ದು ಅಂತ ಒಂದು ದೊಡ್ಡ ಬೆನ್ನೆಲುಬಿನ ಮೂಳೆಯನ್ನೂ ಚರ್ಚಿನಲ್ಲಿ ಇಟ್ಟುಕೊಂಡಿದ್ದಾರೆ.

ಇಳಿದು ನೋಡೋಕೆ ಕೊಟ್ಟಿದ್ದು ಅರ್ಧ ಗಂಟೆ, ಸಾಲದು. ದ್ವೀಪಕ್ಕೆ ಇರೋದು ಒಂದೇ ಓಣಿ, ಉಂಗುರದ ಹಾಗೆ ಸುತ್ತಿ ಮತ್ತೆ ಅಲ್ಲಿಗೇ ಬರುತ್ತೆ. ಅದನ್ನ ನಿಧಾನಕ್ಕೆ ನಡೆದರೇ ಇಪ್ಪತ್ತು ನಿಮಿಷ. ಮಧ್ಯದಲ್ಲಿ ದೊಡ್ಡ ಕಟ್ಟಡ, 1973ರಿಂದ ಬೆನೆಡಿಕ್ಟೈನ್ ಸನ್ಯಾಸಿನಿಯರ ಮಠ. ಹೊರಗೆ ಬರದೇ ಇರೋ ವ್ರತದವರು. ಹಳೇ ಕಾಲದ ಜರಿ ಬಟ್ಟೆ, ಚರ್ಚಿನ ವಸ್ತ್ರಗಳನ್ನ ಎಳೆ ಎಳೆಯಾಗಿ ರಿಪೇರಿ ಮಾಡಿಕೊಡೋದರಲ್ಲಿ ಹೆಸರು ಮಾಡಿದವರು. ಓಣಿಯ ಉದ್ದಕ್ಕೂ ಮೌನದ ಬಗ್ಗೆ ಫಲಕ ತೂಗಿಹಾಕಿದ್ದಾರೆ. ಅದರ ಕೆಳಗೇ ನಿಂತು ನಮ್ಮ ಗುಂಪಿನ ಒಬ್ಬಾಕೆ ಫೋನಿನಲ್ಲಿ ಜೋರಾಗಿ ವಿಡಿಯೋ ಮಾತಾಡಿದಳು, ಇರಲಿ. ಚರ್ಚಿನೊಳಗೆ ತಪ್ಪದೇ ನೋಡಬೇಕಾದ್ದು ಹನ್ನೆರಡನೇ ಶತಮಾನದ ಉಪದೇಶ ಪೀಠ. ಇದೇ ಸರೋವರದ ದಂಡೆಯ ಓಯಿರಾ ಅನ್ನೋ ಹಳ್ಳಿಯ ಹಸಿರುಗಪ್ಪು ಕಲ್ಲಿನಲ್ಲಿ ಕೆತ್ತಿದ್ದು. ಹಳೇಬೀಡು ನೋಡಿ ಬೆಳೆದ ಕಣ್ಣಿಗೆ ಕೆತ್ತನೆ ಒರಟು ಅನ್ನಿಸಿತು. ಪ್ರಾಣಿಗಳು ಒಂದನ್ನೊಂದು ಕಚ್ಚಿ ಹಿಡಿದಿರೋ ರೀತಿ ಮಾತ್ರ ಬಿಟ್ಟು ಬರೋಕಾಗಲಿಲ್ಲ. ಅಷ್ಟರಲ್ಲಿ ಮಗಳು "ಅಮ್ಮಾ, ಟೈಮಾಯ್ತು" ಅಂತ ಬಂದಳು.

ಅಲ್ಲಿಂದ ಎದುರು ದಡದ ಪೆಲ್ಲಾ. ಊರಿನ ಮೇಲೆ ಕಡಿದಾದ ಗ್ರಾನೈಟ್ ಬಂಡೆ, ಬಂಡೆಯ ತುದಿಯಲ್ಲಿ ಮಡೋನಾ ದೆಲ್ ಸಾಸ್ಸೊ ಅನ್ನೋ ಚರ್ಚು. ದೋಣಿಯಿಂದ ಕತ್ತೆತ್ತಿ ನೋಡೋದಷ್ಟೆ, ಮೇಲೆ ಕರೆದೊಯ್ಯೋದಿಲ್ಲ. ಪೆಲ್ಲಾದ ಉತ್ತರಕ್ಕೆ ರೋಂಕೊ ಅಂತ ಒಂದು ಹಿಡಿ ಮನೆಗಳ ಕೇರಿ, ಗೋಡೆಗಳು ನೀರಿಗೇ ಇಳಿದಿವೆ. ಅಲ್ಲಿ ಇಂಜಿನ್ ಆಫ್ ಮಾಡಿದ.

ನಾನು ದುಡ್ಡು ಕೊಟ್ಟಿದ್ದು ಸಾರ್ಥಕ ಅನ್ನಿಸಿದ್ದು ಇಲ್ಲಿ. ಇಂಜಿನ್ ನಿಲ್ಲಿಸಿ ಕಾಲು ಗಂಟೆಗೂ ಮೇಲೆ ಸುಮ್ಮನೆ ಬಿಟ್ಟ. ಡಚ್ ದಂಪತಿ ನೀರಿಗೆ ಹಾರಿ ಈಜಿದರು. ನಾನು ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ. ನೀರು ಎಷ್ಟು ತಿಳಿ ಅಂದರೆ, "ಇದಕ್ಕೆ ಕಾರ್ಖಾನೆ ಗೀರ್ಖಾನೆ ಯಾವುದೂ ಬಂದಿಲ್ಲ ಅನ್ನಿಸುತ್ತೆ" ಅಂದರು ನಮ್ಮನೆಯವರು. ಮಗಳು ಅದನ್ನ ಅವನಿಗೆ ಹೇಳಿದ್ದೇ ತಡ, ಮನುಷ್ಯ ಸ್ಟಿಯರಿಂಗ್ ಬಿಟ್ಟು ನಮ್ಮ ಎದುರಿಗೇ ಬಂದು ಕೂತ.

1926ರಲ್ಲಿ ಸರೋವರದ ದಕ್ಷಿಣ ತುದಿಯ ಗೊಟ್ಸಾನೊದಲ್ಲಿ ರೇಯಾನ್ ಕಾರ್ಖಾನೆ ಶುರುವಾಯಿತು. ಹತ್ತಿಯ ನಾರನ್ನ ತಾಮ್ರ ಮತ್ತು ಅಮೋನಿಯಾದಲ್ಲಿ ಕರಗಿಸಿ ರೇಷ್ಮೆಯಂಥ ದಾರ ತೆಗೆಯೋ ವಿಧಾನ. ಉಳಿದ ತಾಮ್ರ, ಅಮೋನಿಯಂ ಸಲ್ಫೇಟ್ ಎಲ್ಲ ಸೀದಾ ನೀರಿಗೆ. ಕೆಲವೇ ವರ್ಷಗಳಲ್ಲಿ ಮೀನು ಸತ್ತುಹೋದವು, ಮೀನಿಗೆ ಆಹಾರ ಆಗೋ ಸಣ್ಣ ಜೀವಿಗಳೂ ಹೋದವು. ಅಮೋನಿಯಾ ನೀರಿನಲ್ಲೇ ನೈಟ್ರೇಟ್ ಆಗುತ್ತಾ ಆಮ್ಲಜನಕ ತಿಂದು, ನೀರನ್ನ ಹುಳಿ ಮಾಡುತ್ತಾ ಹೋಯಿತು. ಅರ್ಧ ಶತಮಾನಕ್ಕೂ ಮೇಲೆ ಇದು ನೋಡೋಕೆ ಚೆಂದ, ಒಳಗೆ ಹೆಣ. ಕೊನೆಗೆ ಕಾರ್ಖಾನೆಯ ಹೊಲಸನ್ನ ತಡೆದ ಮೇಲೆ, 1989-90ರಲ್ಲಿ ವಿಜ್ಞಾನಿಗಳು ಆ ಹುಳಿ ಕಳೆಯೋಕೆ ದೋಣಿಯಲ್ಲಿ ಸುಣ್ಣದ ಕಲ್ಲಿನ ಪುಡಿ ಕದಡಿ ಸರೋವರದ ಮೇಲೆಲ್ಲ ಎರಚಿದರು. ಹತ್ತು ಸಾವಿರ ಟನ್ನಿಗೂ ಹೆಚ್ಚು! ನಮ್ಮ ದೋಣಿಯವನಿಗೆ ಆಗ ಇಪ್ಪತ್ತರ ವಯಸ್ಸು, ನೀರು ಹಾಲಿನ ಬಣ್ಣಕ್ಕೆ ತಿರುಗಿದ್ದನ್ನ ಇದೇ ದಡದಿಂದ ನೋಡಿದ್ದನಂತೆ.

ಈಗ ನಮ್ಮನೆಯವರನ್ನ ಹಿಡಿಯೋರು ಯಾರು? ಮಳೆಗಾಲದ ಮುಂಚೆ ಕಾಫಿ ತೋಟಕ್ಕೆ, ಅಡಿಕೆಗೆ ಬೋರ್ಡೋ, ಅಂದರೆ ಕೊಳೆ ರೋಗದ ತಾಮ್ರ-ಸುಣ್ಣದ ಔಷಧಿ, ಹೊಡೆಸೋದರಲ್ಲೇ ನಲವತ್ತು ವರ್ಷ ಕಳೆದವರು. ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಡ್ರಮ್ಮಿನಲ್ಲಿ, ಸುಣ್ಣ ಇನ್ನೊಂದರಲ್ಲಿ, ಎರಡನ್ನೂ ಬೆರೆಸಿ ಕತ್ತಿ ಅದ್ದಿ ನೋಡಬೇಕು. ಕತ್ತಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಎಲೆ ಸುಡುತ್ತೆ, ಇನ್ನಷ್ಟು ಸುಣ್ಣ ಹಾಕು. ಇದನ್ನ ಕೈಯಲ್ಲೇ ಕತ್ತಿ ಮಾಡಿ, ಅದ್ದಿ, ಎತ್ತಿ ತೋರಿಸಿ ವಿವರಿಸಿದರು. ಮಗಳಿಗೆ ಮೈಲುತುತ್ತಕ್ಕೆ ಇಟಾಲಿಯನ್ ಹೊಳೆಯದೆ ಫೋನ್ ತೆಗೆದಳು, ಅಷ್ಟರೊಳಗೆ ಅವನೇ ತಲೆ ಆಡಿಸಿ ಬೆಟ್ಟದ ಕಡೆ ತೋರಿಸಿದ: ಅವರ ಅಪ್ಪನೂ ದ್ರಾಕ್ಷಿ ಬಳ್ಳಿಗೆ ಅದೇ ನೀಲಿ ಔಷಧಿ ಹೊಡೀತಿದ್ದನಂತೆ. ಆಮೇಲೆ ಇಬ್ಬರೂ ಮಗಳ ಸಹಾಯ ಇಲ್ಲದೇನೇ ಮಾತಾಡಿದರು. ಒಬ್ಬರಿಗೆ ಇಟಾಲಿಯನ್ ಬರಲ್ಲ, ಇನ್ನೊಬ್ಬನಿಗೆ ಕನ್ನಡ ಬರಲ್ಲ, ಮಾತು ಮಾತ್ರ ನಿಲ್ಲಲಿಲ್ಲ ಮಾರಾಯ್ರೆ. ನಲವತ್ತು ಜನರ ದೊಡ್ಡ ಹಡಗಿನಲ್ಲಿ ಇದು ಆಗೋ ಮಾತಲ್ಲ.

ತಿಂಡಿ ವಿಷಯಕ್ಕೆ ಬರ್ತೀನಿ, ಇಲ್ಲಿ ತಕರಾರಿದೆ. ನಮ್ಮನೆಯವರು ಶನಿವಾರ ಮಾಂಸ ಮುಟ್ಟೋದಿಲ್ಲ. ಬುಕ್ ಮಾಡೋವಾಗಲೇ ಮಗಳು ಒಂದು ತಟ್ಟೆ ಸಸ್ಯಾಹಾರ ಅಂತ ಬರೆದಿದ್ದಳು, ಸರಿ ಅಂತ ಉತ್ತರವೂ ಬಂದಿತ್ತು. ತಟ್ಟೆ ಬಂದಾಗ ಚೀಸಿನ ಮೇಲೆಯೇ ಸಲಾಮಿಯ ಬಿಲ್ಲೆ ಹೊದಿಸಿತ್ತು. ತೆಗೆದಿಟ್ಟು ತಿನ್ನಿ ಅಂತ ಸನ್ನೆ ಮಾಡಿದ. ತೆಗೆದಿಟ್ಟರೆ ಹೋಗೋ ವಿಷಯ ಅಲ್ಲ ಅದು ಅಂತ ಅವನಿಗೆ ಹೇಗೆ ಹೇಳೋದು? ಅವರು ಒಣ ಬ್ರೆಡ್ ಕಡ್ಡಿ ತಿಂದು ನೀರು ಕುಡಿದರು. ನಾನು ಎರಡೂ ತಟ್ಟೆ ಖಾಲಿ ಮಾಡಿದೆ, ಬೆಟ್ಟದ ಹಸುವಿನ ಹಾಲಿನ ತೋಮಾ ಚೀಸು ಬಹಳ ರುಚಿ. ಇಳಿದ ಮೇಲೆ ಮಗಳು ದೂರು ಬರೆದಳು, ಕ್ಷಮೆ ಬಂತು, ದುಡ್ಡು ಬರಲಿಲ್ಲ.

ವಾಪಸ್ ತಿರುಗೋ ಮುಂಚೆ ಉತ್ತರದ ತುದಿಯ ಒಮೇನ್ಯಾ ಊರನ್ನ ದೂರದಿಂದ ತೋರಿಸಿದ. ಸರೋವರದ ನೀರು ಹೊರಗೆ ಹೋಗೋದು ಅಲ್ಲಿಂದ, ಅದೂ ಆಲ್ಪ್ಸ್ ಪರ್ವತದ ಕಡೆಗೆ. ಸುತ್ತಿ ಬಳಸಿ ಮಜ್ಜೋರೆ ಸೇರುತ್ತೆ. ಇಲ್ಲಿನ ಬೇರೆ ಸರೋವರಗಳ ನೀರು ಹೆಚ್ಚಾಗಿ ದಕ್ಷಿಣದ ಬಯಲಿಗೆ ಇಳಿದರೆ ಇದು ಉಲ್ಟಾ. "ನಮ್ಮ ಹೊಳೆ ಮೇಲಕ್ಕೆ ಹರಿಯುತ್ತೆ, ಕಾನೂನೂ ನಾವೇ ಮಾಡ್ಕೋತೀವಿ" ಅಂತ ಒಮೇನ್ಯಾದವರ ಗಾದೆಯಂತೆ. ಇಟಲಿಯ ಮನೆ ಮನೆಯಲ್ಲಿರೋ ಮೋಕಾ ಕಾಫಿ ಪಾತ್ರೆ ಹುಟ್ಟಿದ್ದೂ ಅಲ್ಲೇ, 1933ರಲ್ಲಿ, ಅಲ್ಫೊನ್ಸೊ ಬಿಯಾಲೆತ್ತಿ ಅನ್ನೋರ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ. ಅದನ್ನ ಜಗತ್ತಿಗೆಲ್ಲ ಮಾರಿದ ಅವರ ಮಗ ರೆನಾತೊ 2016ರಲ್ಲಿ ತೀರಿಕೊಂಡಾಗ ಚಿತಾಭಸ್ಮವನ್ನ ದೊಡ್ಡದೊಂದು ಮೋಕಾ ಪಾತ್ರೆಯಲ್ಲೇ ತುಂಬಿ ಮಣ್ಣು ಮಾಡಿದರು. "ನನ್ನನ್ನ ಫಿಲ್ಟರಿಗೆ ತುಂಬೋಕೆ ಹೋಗಬೇಡಿ, ಕೆಳಗೆ ಸೋರಿ ಹೋಗ್ತೀನಿ" ಅಂದರು ನಮ್ಮನೆಯವರು. ಭಾರತದ ಕಾಫಿಯನ್ನ ಅತಿ ಹೆಚ್ಚು ಕೊಳ್ಳೋ ದೇಶ ಇಟಲಿ, ಇವರ ಎಸ್ಪ್ರೆಸ್ಸೊಗೆ ನೊರೆ ಕಟ್ಟೋಕೆ ನಮ್ಮ ರೊಬಸ್ಟಾ ಬೇಕು ಅಂತ ಅವನಿಗೆ ಹೇಳಿದ್ದಕ್ಕೆ ನಂಬಲೇ ಇಲ್ಲ. ಕಾಫಿ ಇಟಲಿಯದ್ದೇ ಅಂದ. ಬಿಡಿ.

ಕೊನೆಯ ಹತ್ತು ನಿಮಿಷ ಓಟ. ಮುಂದಿನ ಗುಂಪು ದಡದಲ್ಲಿ ಕಾಯ್ತಾ ಇತ್ತು, ಇಂಜಿನ್ ಪೂರ್ತಿ ಎಬ್ಬಿಸಿ ತಂದು ನಿಲ್ಲಿಸಿದ. ಪೆತ್ತೆನಾಸ್ಕೊ ಅನ್ನೋ ಊರಿನ ದಡವೂ ಸುತ್ತಾಟದ ಪಟ್ಟಿಯಲ್ಲಿ ಬರೆದಿತ್ತು, ನೋಡಿದ್ದು ದೂರದಿಂದ. ಡೀಸೆಲ್ ಹೊಗೆ ಹಿಂದಿನ ಬೆಂಚಿಗೆ ಬಡಿಯುತ್ತೆ, ಮುಂದೆ ಜಾಗ ಹಿಡಿಯಿರಿ.

ಅರಮನೆ, ಸಿನಿಮಾದವರ ಬಂಗಲೆ ಎಣಿಸೋ ಆಸೆ ಇದ್ದವರು ಕೋಮೊಗೇ ಹೋಗಿ, ಇಲ್ಲಿ ಅಂಥದ್ದೇನೂ ಇಲ್ಲ. ಮಕ್ಕಳಿದ್ದರೆ ಈಜುಬಟ್ಟೆ ತನ್ನಿ. ವಯಸ್ಸಾದವರಿದ್ದರೆ ಬೆಳಗಿನ ದೋಣಿ ಹಿಡಿಯಿರಿ, ಮಧ್ಯಾಹ್ನದ ಬಿಸಿಲಿಗೆ ಆ ಬಟ್ಟೆ ಚಪ್ಪರ ಏನೂ ಸಾಲದು. ದೋಣಿಯಲ್ಲಿ ಶೌಚಾಲಯ ಇಲ್ಲ. ಚೌಕದ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು ಆ ಕೆಲಸ ಮುಗಿಸಿಕೊಂಡೇ ಹತ್ತಿ.