ಕೊಡಬೇಕಾದ ಬಿಲ್ಲುಗಳ ಲೆಕ್ಕಕ್ಕೆ ಟ್ಯಾಲಿಪ್ರೈಮ್

ಪೀಣ್ಯದ ಸಣ್ಣ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಲೆಕ್ಕ ನೋಡಿಕೊಳ್ಳುವ ನಾನು, ಸರಬರಾಜುದಾರರಿಗೆ ಕೊಡಬೇಕಾದ ಬಾಕಿಯನ್ನು ಕೆಲವು ವರ್ಷಗಳಿಂದ ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಪ್ರೈಮ್‌ನಲ್ಲೇ ನಿಭಾಯಿಸುತ್ತಿದ್ದೇನೆ. 1986ರಲ್ಲಿ ಆರಂಭವಾದ, ಬೆಂಗಳೂರಿನದ್ದೇ ಆದ ಟ್ಯಾಲಿ ಸಂಸ್ಥೆ ಇದನ್ನು 2020ರಲ್ಲಿ ಹೊರತಂದಿತು. ಮಾರಾಟ, ದಾಸ್ತಾನು, ಸಂಬಳದ ವಿಷಯಗಳನ್ನು ಬದಿಗಿಟ್ಟು, ಬಿಲ್ ಪಾವತಿಯ ಮಟ್ಟಿಗೆ ಇದು ಹೇಗಿದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಇದರ ಜೀವಾಳವಿರುವುದು ಬಿಲ್‌ವಾರು ಲೆಕ್ಕದಲ್ಲಿ. ಎಫ್9 ಒತ್ತಿ ಖರೀದಿ ವೋಚರ್ ಬರೆಯುವಾಗ ಬಿಲ್ ಸಂಖ್ಯೆಯನ್ನೂ ಸಾಲದ ಅವಧಿಯನ್ನೂ 'ನ್ಯೂ ರೆಫ್' ಎಂದು ನಮೂದಿಸಿ, ಎಫ್5ರಲ್ಲಿ ಹಣ ಕೊಡುವಾಗ ಅದೇ ಬಿಲ್ಲನ್ನು 'ಅಗೇನ್‌ಸ್ಟ್ ರೆಫ್' ಎಂದು ಆರಿಸಿದರೆ, ಯಾವ ಬಿಲ್ಲಿಗೆ ಎಷ್ಟು ಸಂದಿದೆ, ಯಾವುದರ ವಾಯಿದೆ ಮೀರಿ ಎಷ್ಟು ದಿನವಾಯಿತು ಎಂಬುದೆಲ್ಲ ಒಂದೇ ಪಟ್ಟಿಯಲ್ಲಿ ಕಾಣುತ್ತದೆ.

ಈ ಶಿಸ್ತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾನು ಕಷ್ಟಪಟ್ಟೇ ಕಲಿತೆ. ಕಬ್ಬಿಣದ ಸರಳು ಕೊಡುವವರ 64,900 ಮತ್ತು 47,200 ರೂಪಾಯಿಗಳ ಎರಡು ಬಿಲ್ಲುಗಳಿಗೆ ಒಟ್ಟಾಗಿ ಒಂದು ಲಕ್ಷ ಕಳುಹಿಸಿ, ಅವಸರದಲ್ಲಿ ಅದನ್ನು ಯಾವ ಬಿಲ್ಲಿಗೂ ಜೋಡಿಸದೆ 'ಆನ್ ಅಕೌಂಟ್' ಎಂದು ಬರೆದುಬಿಟ್ಟಿದ್ದೆ. ಅವರ ಲೆಡ್ಜರಿನಲ್ಲಿ (ಖಾತೆಯಲ್ಲಿ) 12,100 ಎಂಬ ಬಾಕಿ ಸರಿಯಾಗಿಯೇ ಇತ್ತು. ಆದರೆ ಬಾಕಿ ಬಿಲ್ಲುಗಳ ಪಟ್ಟಿಯಲ್ಲಿ ಎರಡೂ ಪೂರ್ತಿ ಉಳಿದಿದ್ದವು. ಹೊಸದಾಗಿ ಸೇರಿದ ಹುಡುಗ ಆ ಪಟ್ಟಿಯನ್ನು ನಂಬಿ ಮೊದಲ ಬಿಲ್ಲಿಗೆ ಮತ್ತೆ ಹಣ ಹಾಕಿದ. "ಹೆಚ್ಚಿಗೆ ಬಂದಿದೆ ಸಾರ್, ಒಮ್ಮೆ ನೋಡಿ" ಎಂದು ಸರಬರಾಜುದಾರರೇ ಫೋನ್ ಮಾಡಿದ್ದರಿಂದ ಹಣ ಉಳಿಯಿತು. ತಪ್ಪು ನನ್ನದು, ತಂತ್ರಾಂಶದ್ದಲ್ಲ. ಅಂದಿನಿಂದ ಪ್ರತಿ ಶನಿವಾರ 'ಆನ್ ಅಕೌಂಟ್' ಮೊತ್ತಗಳನ್ನು ಹುಡುಕಿ ಆಯಾ ಬಿಲ್ಲಿಗೆ ಹೊಂದಿಸದೆ ನಾನು ಮನೆಗೆ ಹೋಗುವುದಿಲ್ಲ.

2023ರ ಹಣಕಾಸು ಕಾಯ್ದೆಯ ನಂತರವಂತೂ ಈ ಪಟ್ಟಿ ಇಲ್ಲದೆ ಕೆಲಸ ಸಾಗದು. ಉದ್ಯಮ್ ನೋಂದಣಿಯಿರುವ (ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರದ ನೋಂದಣಿ) ಅತಿಸಣ್ಣ ಮತ್ತು ಸಣ್ಣ ತಯಾರಕರಿಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಇದ್ದರೂ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಿಸಬೇಕು; ಆ ಗಡುವು ಮೀರಿದ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಆದಾಯ ತೆರಿಗೆ ಲೆಕ್ಕದಲ್ಲಿ ವೆಚ್ಚವೆಂದು ತೋರಿಸಬಹುದು. ಸರಬರಾಜುದಾರರ ಲೆಡ್ಜರಿನಲ್ಲಿ ಉದ್ಯಮ್ ವಿವರ ತುಂಬಿದರೆ ಇಂಥವರ ಬಾಕಿಯನ್ನು ಟ್ಯಾಲಿಪ್ರೈಮ್ ಪ್ರತ್ಯೇಕವಾಗಿ ತೋರಿಸುತ್ತದೆ. ಮಾರ್ಚ್ ತಿಂಗಳಲ್ಲಿ ನಾನು ಮೊದಲು ತೆರೆಯುವುದು ಅದನ್ನೇ. ಜಿಎಸ್‌ಟಿಆರ್-2ಬಿ (ಸರಬರಾಜುದಾರರು ಜಿಎಸ್‌ಟಿಗೆ ಸಲ್ಲಿಸಿದ ಬಿಲ್ಲುಗಳ ಪಟ್ಟಿ) ನಮ್ಮ ಖರೀದಿ ಲೆಕ್ಕದೊಂದಿಗೆ ತಾಳೆ ನೋಡುವ ಸೌಲಭ್ಯವೂ ಇದೆ.

ಸರಕು ನಿಜವಾಗಿ ಬಂತೇ, ದರ ಒಪ್ಪಿದಷ್ಟೇ ಇದೆಯೇ ಎಂಬುದನ್ನು ಮಾತ್ರ ಗೋದಾಮಿನವರನ್ನು ಕೇಳಿಯೇ ತಿಳಿಯಬೇಕು. ಹೊಸದಾಗಿ ಕೊಳ್ಳುವವರು ಹಳೆಯ ಬಾಕಿಯನ್ನು ಒಂದೇ ಮೊತ್ತವಾಗಿ ತುಂಬದೆ, ಬಿಲ್ಲು ಬಿಲ್ಲಾಗಿ ಒಡೆದು ತುಂಬಬೇಕು. ನಮಗೆ ಅದಕ್ಕೆ ಮೂರು ದಿನ ಹಿಡಿಯಿತು.