ನೇರ ಬಸ್ಸಾ, ಎರಡು ಬಸ್ಸಾ, ಇಲ್ಲ ನಡೆದೇ ಹೋಗೋದಾ?

ಬ್ಯಾಂಕ್, ಅಂಚೆ ಕಚೇರಿ, ಮೆಡಿಕಲ್ ಸ್ಟೋರ್. ವಾರಕ್ಕೊಮ್ಮೆಯಾದರೂ ಈ ಮೂರು ಕೆಲಸ ನನ್ನ ಪಾಲಿಗೆ ಬರುತ್ತವೆ. ಮೂರೂ ಅಕ್ಕಪಕ್ಕದಲ್ಲೇ ಇವೆ, ಮನೆಯಿಂದ ಸುಮಾರು ಎರಡೂವರೆ ಕಿಲೋಮೀಟರ್ ದೂರ. ಕೆಲಸ ಅಂತ ನೋಡಿದರೆ ಮುಕ್ಕಾಲು ಗಂಟೆಯದ್ದು. ಆದರೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತಿತ್ತು. ಸಾಕಾಗಿ, ಎರಡು ತಿಂಗಳು ಬೇರೆ ಬೇರೆ ಥರ ಹೋಗಿ ನೋಡಿದೆ. ಮನೆ ಬೀಗ ಹಾಕಿದ ಹೊತ್ತು, ಕೌಂಟರ್ ಮುಂದೆ ನಿಂತ ಹೊತ್ತು, ಎರಡನ್ನೂ ಪ್ರತಿಸಲ ಬರೆದಿಟ್ಟೆ.

ಮೊದಲು ನೇರ ಬಸ್. ವೇಳಾಪಟ್ಟಿ ಪ್ರಕಾರ 20 ನಿಮಿಷಕ್ಕೊಂದು. ಹತ್ತಿ ಕೂತರೆ 10 ನಿಮಿಷದ ದಾರಿ. ಎಲ್ಲ ಕೂಡಿಬಂದ ದಿನ 17 ನಿಮಿಷದಲ್ಲಿ ತಲುಪಿದ್ದೇನೆ. ಕೂಡಿಬರದ ದಿನ 58. ಆ 58ರ ದಿನ ನನಗೆ ಚೆನ್ನಾಗಿ ನೆನಪಿದೆ. ಕೈಯಲ್ಲಿ ಹಿಡಿದುಕೊಂಡಿದ್ದ ಲಕೋಟೆ ಬೆವರಿಗೆ ಮೆತ್ತಗಾಗಿ, ವಿಳಾಸದ ಕೊನೆಯ ಸಾಲಿನ ಶಾಯಿ ಹರಡಿಕೊಂಡಿತ್ತು. ಕೊನೆಗೆ ಬಸ್ ಬಂತು, ಅದರ ಬೆನ್ನಿಗೇ ಅದೇ ನಂಬರಿನ ಇನ್ನೊಂದು! ಮುಂದಿನದರಲ್ಲಿ ಕಾಲಿಡಲು ಜಾಗವಿಲ್ಲ, ಹಿಂದಿನದು ಖಾಲಿ. ನಾನು ಬಾಗಿಲಿಗೆ ಹೋಗುವ ಹೊತ್ತಿಗೆ ಕೌಂಟರ್ ಮುಚ್ಚಿತ್ತು.

ಹೀಗೆ ಜೋಡಿಯಾಗಿ ಬರುವುದು ಎಲ್ಲ ಊರಿನವರೂ ಹೇಳುವ ದೂರು. ಇದಕ್ಕೆ ಕಾರಣ ಇದೆ. ಒಂದು ಬಸ್ ಸ್ವಲ್ಪ ತಡವಾದರೆ ಮುಂದಿನ ಸ್ಟಾಪಿನಲ್ಲಿ ಜನ ಜಾಸ್ತಿ ಸೇರಿರುತ್ತಾರೆ. ಅವರೆಲ್ಲ ಹತ್ತಬೇಕು, ಇನ್ನಷ್ಟು ತಡ. ಹಿಂದೆ ಬರುವ ಬಸ್ಸಿಗೆ ಸ್ಟಾಪುಗಳಲ್ಲಿ ಜನವೇ ಇರುವುದಿಲ್ಲ, ಅದು ಬೇಗ ಬೇಗ ಬಂದು ಮುಂದಿನದನ್ನು ಹಿಡಿದುಬಿಡುತ್ತದೆ. ನ್ಯೂವೆಲ್ ಮತ್ತು ಪಾಟ್ಸ್ ಎಂಬಿಬ್ಬರು ಸಂಶೋಧಕರು 1964ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಇದು ಗೊತ್ತಾದ ಮೇಲೆ ಡ್ರೈವರ್ ಮೇಲಿದ್ದ ನನ್ನ ಸಿಟ್ಟು ಇಳಿಯಿತು. ಆದರೆ ಕಾಯುವ ಕಷ್ಟ ಇಳಿಯಲಿಲ್ಲ ಅಲ್ವಾ? ಸರಿಯಾಗಿ 20 ನಿಮಿಷಕ್ಕೊಂದು ಬಂದರೆ ಸರಾಸರಿ 10 ನಿಮಿಷ ಕಾಯಬೇಕು. ಅವೇ ಬಸ್ಸುಗಳು ಒಮ್ಮೆ 5 ನಿಮಿಷಕ್ಕೆ, ಒಮ್ಮೆ 35 ನಿಮಿಷಕ್ಕೆ ಬಂದರೆ ಸರಾಸರಿ ಹದಿನೈದೂವರೆ ನಿಮಿಷ ದಾಟುತ್ತದೆ. ಬಸ್ಸಿನ ಸಂಖ್ಯೆ ಒಂದೂ ಕಡಿಮೆಯಾಗಿಲ್ಲ. ದೊಡ್ಡ ಅಂತರದಲ್ಲೇ ಹೆಚ್ಚು ಜನ ಸ್ಟಾಪಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ, ಅಷ್ಟೇ.

ಎರಡನೆಯದು, ಮಧ್ಯೆ ಇಳಿದು ಬಸ್ ಬದಲಿಸುವುದು. ನಾನು ಇದನ್ನು ಮೊದಲಿನಿಂದಲೂ ದೂರ ಇಟ್ಟಿದ್ದೆ. ಒಂದಕ್ಕೇ ಇಷ್ಟು ಕಾಯಬೇಕು, ಎರಡಕ್ಕೆ ಎಷ್ಟೋ ಅನ್ನುವ ಭಯ. ಆದರೆ ಆ ಎರಡೂ ದಾರಿಯಲ್ಲಿ ಆರೇಳು ನಿಮಿಷಕ್ಕೊಂದು ಬಸ್ ಇದೆ. ನನ್ನ ಪುಸ್ತಕದಲ್ಲಿ ಬೇಗ ಅಂದರೆ 26, ತಡ ಅಂದರೆ 36 ನಿಮಿಷ. ನೇರ ಬಸ್ಸಿನ ಒಳ್ಳೆಯ ದಿನಕ್ಕಿಂತ ನಿಧಾನ, ನಿಜ. ಆದರೆ ಕೌಂಟರ್ ಮುಚ್ಚುವ ಮೊದಲು ತಲುಪದ ದಿನ ಒಂದೂ ಇಲ್ಲ. ಒಂದು ಮಾತು: ಎಲ್ಲಿ ಬದಲಿಸುತ್ತೀರಿ ಅನ್ನುವುದು ಮುಖ್ಯ. ನಾನು ಮೊದಲು ದೊಡ್ಡ ಸರ್ಕಲ್ಲಿನಲ್ಲಿ ಇಳಿದು, ರಸ್ತೆ ದಾಟಿ, ಇನ್ನೊಂದು ಸ್ಟಾಪಿಗೆ ಓಡುತ್ತಿದ್ದೆ. ಒಂದು ಸ್ಟಾಪ್ ಮೊದಲೇ ಇಳಿದರೆ ಎರಡನೇ ಬಸ್ ಅದೇ ಕಂಬದ ಹತ್ತಿರ ನಿಲ್ಲುತ್ತದೆ ಅಂತ ಮೂರನೇ ವಾರ ಗೊತ್ತಾಯಿತು. ಎರಡನೇ ಬಸ್ ಅಪರೂಪದ್ದಾದರೆ ಮಾತ್ರ ಈ ದಾರಿ ಬೇಡವೇ ಬೇಡ.

ನಡಿಗೆ: 32ರಿಂದ 35 ನಿಮಿಷ. ಪ್ರತಿಸಲವೂ ಅಷ್ಟೇ. ಬೇರೆ ಯಾವುದೂ ಇಷ್ಟು ನಂಬಿಕೆ ಕೊಡಲಿಲ್ಲ. ಬಿಸಿಲಿದ್ದರೆ, ಮಳೆ ಬಂದರೆ, ಕೈಯಲ್ಲಿ ಭಾರವಿದ್ದರೆ ಕಷ್ಟ. ಅದಕ್ಕೇ ಹೋಗುವಾಗ ಖಾಲಿ ಚೀಲ ಹಿಡಿದು ನಡೆದು, ಬರುವಾಗ ನೇರ ಬಸ್ಸಿಗೆ ಕಾಯುವುದನ್ನು ಶುರು ಮಾಡಿದೆ. ವಾಪಸ್ ಬರುವಾಗ ಯಾವ ಕೌಂಟರೂ ಮುಚ್ಚುವುದಿಲ್ಲ, ಹಾಗಾಗಿ ಅದೇ ಕಾಯುವಿಕೆ ಅಷ್ಟು ಚುಚ್ಚುವುದಿಲ್ಲ. ನನಗೆ ಹಿಡಿಸಿದ್ದು ಇದೇ.

ಸೈಕಲ್ ಎಲ್ಲಕ್ಕಿಂತ ಬೇಗ, 13 ನಿಮಿಷ. ಆದರೆ ನಮ್ಮ ದಾರಿಯಲ್ಲಿ ಲಾರಿಗಳ ಪಕ್ಕ ಹೋಗಬೇಕು. ಎರಡು ಸಲ ಹೋಗಿ ಬಿಟ್ಟೆ.

ಫೋನಿನ ಆ್ಯಪ್ ಬಗ್ಗೆಯೂ ಹೇಳಬೇಕು. ಬಸ್ಸಿನಲ್ಲಿರುವ ಜಿಪಿಎಸ್ ನೋಡಿ ಹೇಳುವ ಆ್ಯಪ್ ಆದರೆ ತುಂಬಾ ಉಪಯೋಗ, ಮನೆಯಲ್ಲೇ ಕೂತು ಕಾಯಬಹುದು. ಕೆಲವು ಸುಮ್ನೆ ವೇಳಾಪಟ್ಟಿಯನ್ನೇ ತೋರಿಸುತ್ತವೆ. ಹೇಗೆ ಗುರುತಿಸುವುದು? ಉಳಿದ ನಿಮಿಷ ಐದು, ನಾಲ್ಕು, ಮೂರು ಅಂತ ಗಡಿಯಾರದ ಥರ ಇಳಿದು, ಸೊನ್ನೆಯಾದಾಗ ಬಸ್ಸೇ ಬರದೆ ಆ ಸಾಲು ಮಾಯವಾದರೆ ಅದು ವೇಳಾಪಟ್ಟಿ ಇರಬೇಕು. ನಿಜವಾದ ಬಸ್ ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ, ಹಾಗಾಗಿ ನಿಮಿಷವೂ ಅಲ್ಲಲ್ಲಿ ನಿಲ್ಲುತ್ತದೆ.

ಇನ್ನು ಕೆಲಸಗಳ ಸರದಿ. ಬೇಗ ಮುಚ್ಚುವ ಜಾಗಕ್ಕೆ ಮೊದಲು, ರಾತ್ರಿವರೆಗೆ ತೆಗೆದಿರುವ ಮೆಡಿಕಲ್ ಸ್ಟೋರಿಗೆ ಕೊನೆಗೆ. ಅರ್ಜಿ ಮನೆಯಲ್ಲೇ ತುಂಬಿ, ಝೆರಾಕ್ಸ್ ಒಂದು ಜಾಸ್ತಿಯೇ ಇಟ್ಟುಕೊಂಡು ಹೊರಡುತ್ತೇನೆ. ಒಂದೇ ಒಂದು ಪ್ರತಿ ಕಡಿಮೆ ಬಿದ್ದು ಇಡೀ ಕ್ಯೂನಲ್ಲಿ ಮತ್ತೆ ಮೊದಲಿನಿಂದ ನಿಂತಿದ್ದೇನೆ.

ಇಷ್ಟೆಲ್ಲ ಹೋಲಿಸಿ ನೋಡಲು ನನಗೆ ಗಟ್ಟಿ ಕಾಲಿದೆ. ಅಮ್ಮನಿಗೆ ಮಂಡಿ ನೋವು. ಅವರಿಗೆ ನಡಿಗೆಯೂ ಇಲ್ಲ, ಎರಡು ಸಲ ಹತ್ತಿ ಇಳಿಯುವುದೂ ಇಲ್ಲ, ನೇರ ಬಸ್ ಒಂದೇ. ಬಸ್ಸುಗಳು ಸರಿಯಾದ ಅಂತರದಲ್ಲಿ ಬರಬೇಕು ಅಂತ ನಾನು ಎಲ್ಲರ ಹತ್ತಿರ ಹೇಳುವುದು ಅವರಂಥವರಿಗಾಗಿ. ನಮ್ಮ ಸ್ಟಾಪಿನಲ್ಲಿ ಬೆಂಚ್ ಇಲ್ಲ. ಅವರ ಜೊತೆ ಹೋಗುವ ದಿನ ಮಡಚುವ ಸ್ಟೂಲ್ ಒಂದನ್ನು ಚೀಲದಲ್ಲಿ ಇಟ್ಟುಕೊಂಡು ಹೋಗುತ್ತೇನೆ.